ಊಟದ ಟೇಬಲ್ ಮೇಲೆ ಐದಡಿ ಕೋವಿ

ಜನವರಿಯಿಂದ ನಮ್ಮ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದೇವೆ. ಸಂಪ್ರದಾಯದ ಮೇಲಿನ ಪ್ರೀತಿಯಿಂದ ಅಲ್ಲ. ಊಟದ ಟೇಬಲ್ ಮೇಲೆ ನನ್ನ ಕೋವಿ ಮಲಗಿದೆ. ಕೋವಿ ಅಂದರೆ ಸದ್ಯಕ್ಕೆ ಕೋವಿಯ ಚಿತ್ರ.

ನಾವಿರುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಹತ್ತಿರ. ಅಮೆರಿಕದ ಲಾಂಗ್ ರೈಫಲ್ ಬೆಳೆದದ್ದು ಈ ಸೀಮೆಯಲ್ಲೇ. 18ನೇ ಶತಮಾನದಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯಿಂದ ಬಂದ ಕೋವಿ ಕೆಲಸದವರು ತಮ್ಮೂರಿನ ಗಿಡ್ಡ, ದಪ್ಪ ಬೇಟೆ ಕೋವಿಯನ್ನು ಇಲ್ಲಿ ಎಳೆದೆಳೆದು ಉದ್ದ ಮಾಡಿದರು. ಕಾಡಂಚಿನ ಜನಕ್ಕೆ ಸೀಸ, ಮದ್ದು ಎರಡೂ ದುಬಾರಿ. ಹಾಗಾಗಿ ಗುಂಡು ಸಣ್ಣದಾಯಿತು, ನಳಿಗೆ 42, 44 ಇಂಚಿಗೆ ಬೆಳೆಯಿತು.

ಒಂದು ಭಾನುವಾರ ಮ್ಯೂಸಿಯಂನಲ್ಲಿ ಅಂಥದ್ದೊಂದನ್ನು ನೋಡಿದೆ. ಮೇಪಲ್ ಮರದ ತುಂಬ ಹುಲಿಪಟ್ಟೆ. ಬಳಿದ ಪಟ್ಟೆಯಲ್ಲ, ಮರದ ನಾರೇ ಅಲೆಅಲೆಯಾಗಿ ಹಾಗೆ ಹೋಗಿರುತ್ತದೆ. ಇದನ್ನು ನಾನೇ ಮಾಡ್ತೀನಿ ಅಂದೆ. ನನ್ನವಳು ಮನೆಗೆ ಬಂದವಳೇ ಕಳೆದ ವರ್ಷ ನಾನು ಮಾಡಿದ ಚಪ್ಪಲಿ ಸ್ಟ್ಯಾಂಡ್ ಕಡೆ ನೋಡಿದಳು. ಅದು ಇವತ್ತಿಗೂ ಗೋಡೆಗೆ ಒರಗಿಯೇ ನಿಂತಿದೆ. ಅವಳು ಏನೂ ಹೇಳಲಿಲ್ಲ.

ಇಂಥ ಕೋವಿ ಮಾಡಿ ಪಳಗಿದ ಪಕ್ಕದ ಮನೆ ಅಜ್ಜನನ್ನು ಕೇಳಿದೆ. ಮೊದಲು ಪೂರ್ತಿ ಅಳತೆಯಲ್ಲಿ ಚಿತ್ರ ಬರಿ, ತಪ್ಪುಗಳನ್ನೆಲ್ಲ ಕಾಗದದ ಮೇಲೇ ಮಾಡಿ ಮುಗಿಸು ಅಂದರು. ನಾನು ಹಿರಿಯರ ಮಾತು ಮೀರುವವನಲ್ಲ.

ಟ್ರಿಗರ್‌ನಿಂದ ಕೋವಿಯ ಹಿಂತುದಿವರೆಗಿನ ಅಳತೆ ನಮ್ಮ ಮೈಗೆ ಹೊಂದಬೇಕು. ಜನವರಿ ಚಳಿಯಲ್ಲಿ, ಹಾಸಿಗೆಯಂಥ ಜಾಕೆಟ್ ತೊಟ್ಟು ಗ್ಯಾರೇಜಿನಲ್ಲಿ ಅಳೆದೆ. 12 ಇಂಚು ಬಂತು. ಏಪ್ರಿಲ್‌ನಲ್ಲಿ ಬರೀ ಅಂಗಿಯಲ್ಲಿ ಅಳೆದರೆ 13ಕ್ಕೂ ಜಾಸ್ತಿ! ಇನ್ನೊಂದು ತಾಪತ್ರಯ ಗಜದ್ದು, ಅಂದರೆ ಮದ್ದು ಜಡಿಯುವ ಕಡ್ಡಿಯದ್ದು. ನಳಿಗೆಯ ಕೆಳಗೆ ಮರದೊಳಗೇ ಅದಕ್ಕೆ ಉದ್ದ ತೂತು ಕೊರೆಯಬೇಕು. ನಳಿಗೆಗೂ ತೂತಿಗೂ ಮಧ್ಯೆ ಉಳಿಯುವ ಮರ ಇಂಚಿನ ಎಂಟನೇ ಒಂದು ಭಾಗ ಅಷ್ಟೇ. ಡ್ರಿಲ್ ಸ್ವಲ್ಪ ದಾರಿ ತಪ್ಪಿದರೆ ಪಕ್ಕದಿಂದ ಹೊರಗೆ ಇಣುಕುತ್ತದಂತೆ. ನನಗೆ ಡ್ರಿಲ್ಲೇ ಬೇಕಾಗಲಿಲ್ಲ. ಮಗಳ ಕ್ರೇಯಾನ್‌ನಲ್ಲಿ ಎಳೆದ ಗೆರೆಯೇ ಅಷ್ಟೂ ಮರವನ್ನು ನುಂಗಿತ್ತು.

ಎಲ್ಲ ಅಳಿಸಿ ತಿದ್ದಿದೆ. ಅಷ್ಟರಲ್ಲಿ ನನ್ನವಳು "ಒಂದೇ ನಿಮಿಷ" ಅಂತ ನುಗ್ಗೆಕಾಯಿ ಹುಳಿಯ ಪಾತ್ರೆಯನ್ನು ಟೇಬಲ್ ಮೇಲೆ ಇಟ್ಟಳು. ಸರಿಯಾಗಿ ಲಾಕ್, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಸಲಕರಣೆ ಬರೆದಿದ್ದ ಜಾಗದಲ್ಲಿ. ಹುಲಿಪಟ್ಟೆ ಬರಬೇಕಾದ ಕಡೆ ಹುಳಿಪಟ್ಟೆ ಬಂತು.

ಸಂಜೆ ಅಮ್ಮ ತೀರ್ಥಹಳ್ಳಿಯಿಂದ ವಿಡಿಯೋ ಕಾಲ್ ಮಾಡಿದ್ದರು. ಹೆಂಗೆ ಹಿಡೀತೀಯೋ ತೋರ್ಸು ಅಂದರು. ಪೊರಕೆಯನ್ನು ಭುಜಕ್ಕೆ ಆನಿಸಿ ಗುರಿ ಹಿಡಿದೆ.

"ಅಲ್ವೋ, ನೀನು ಎಡಚ ಅಲ್ವಾ?"

"ಹೌದು, ಏನೀಗ?"

"ನಮ್ಮಪ್ಪನ ಕೇಪಿನ ಕೋವೀಲಿ ಕುದುರೆ ಬಲಗಡೆ ಇತ್ತು. ನಿಂದು?"

ಕುದುರೆ ಅಂದರೆ ಲಾಕ್‌ನಲ್ಲಿ ಬಡಿಯುವ ಭಾಗ. ಚಿತ್ರ ನೋಡಿದೆ. ಲಾಕ್ ಬಲಗಡೆಯೇ ಇತ್ತು. ಚಕಮಕಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ಬಟ್ಟಲಿನ ಮದ್ದಿಗೆ ಬಿದ್ದು ಭಗ್ಗೆನ್ನುವುದು ಅಲ್ಲೇ. ಎಡ ಭುಜಕ್ಕೆ ಆನಿಸುವವನ ಮುಖ ಇರುವುದೂ ಅದೇ ಪಕ್ಕಕ್ಕೆ. ನನ್ನ ಮೀಸೆಯ ಬಗ್ಗೆ ಅಮ್ಮ ಇನ್ನೂ ಏನೇನೋ ಹೇಳಿದರು.

ಮೂರು ತಿಂಗಳ ಕೆಲಸ ಮೊದಲಿಂದ ಶುರು. ಕಾಗದ ಸುತ್ತಿ ಎಸೆಯಲು ಎತ್ತಿದಾಗ ನನ್ನವಳು ಕಿಟಕಿ ಬೆಳಕಿಗೆ ಹಿಡಿದಳು. ಒಗ್ಗರಣೆ ಎಣ್ಣೆ ಹೀರಿದ ಕಡೆ ಕಾಗದ ಗಾಜಿನಂತಾಗಿತ್ತು. ಹಿಂದಿನಿಂದ ನೋಡಿದರೆ ಲಾಕ್ ಅಚ್ಚುಕಟ್ಟಾಗಿ ಎಡಗಡೆ ಕೂತಿತ್ತು! ಕಾಗದ ತಿರುವಿ ಹಾಕಿ ಗೆರೆ ಮೇಲೆ ಗೆರೆ ಎಳೆದರೆ ಮುಗೀತು.

ಈಗ ಉಳಿದ ನಾಲ್ಕೂವರೆ ಅಡಿಗೂ ಎಣ್ಣೆ ಸವರಬೇಕು. ಕಡಲೆಕಾಯಿ ಎಣ್ಣೆನೋ ಕೊಬ್ಬರಿ ಎಣ್ಣೆನೋ, ಅಮ್ಮನನ್ನು ಕೇಳಬೇಕು.