ಆ ಹಾಡನ್ನು ಪೂರ್ತಿ ಹಾಕಿ

ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ 1970ರಲ್ಲಿ ಹಾಡಿದ ‘ಮೈ ಸ್ವೀಟ್ ಲಾರ್ಡ್’ ರೇಡಿಯೋದಲ್ಲಿ ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಾಡಿನ ಮೇಲಲ್ಲ, ಅದನ್ನು ಅರ್ಧಕ್ಕೇ ನಿಲ್ಲಿಸುವವರ ಮೇಲೆ. ಹಿನ್ನೆಲೆಯಲ್ಲಿ ಹಾಡುವವರು ಮೊದಲು, ಕ್ರೈಸ್ತರು ದೇವರನ್ನು ಸ್ತುತಿಸುವ ಹಾಗೆ, ‘ಹಲ್ಲೆಲೂಯಾ’ ಎನ್ನುತ್ತಾರೆ. ಸುಮ್ನೆ ಕೇಳುತ್ತಾ ಹೋದರೆ, ಅದೇ ಧಾಟಿಯಲ್ಲಿ, ಗೊತ್ತೇ ಆಗದ ಹಾಗೆ ‘ಹರೇ ಕೃಷ್ಣ’ ಬಂದುಬಿಡುತ್ತದೆ. ಆಮೇಲೆ ‘ಗುರುರ್ಬ್ರಹ್ಮ’ ಕೂಡ! ಹಾಡಿನ ಜೀವ ಇರುವುದೇ ಅಲ್ಲಿ, ಅಲ್ವಾ? ಸರಿಯಾಗಿ ಅದಕ್ಕೆ ಮುಂಚೆ ರೇಡಿಯೋದವರು ಸದ್ದು ಇಳಿಸಿ ಮಾತು ಶುರು ಮಾಡುತ್ತಾರೆ. ನಿನ್ನೆ ರಾತ್ರಿ ಕಣ್ಣು ಮುಚ್ಚಿ ಕಾಯುತ್ತಾ ಕೂತಿದ್ದೆ. ಗಿಟಾರ್ ಮುಗಿಯಿತು, ಶ್ರುತಿ ಏರಿತು, ‘ಹಲ್ಲೆಲೂಯಾ’ ಇನ್ನೂ ನಡೆದಿತ್ತು. ತಕ್ಷಣ ಸೋಪಿನ ಜಾಹೀರಾತು. ಇನ್ನೊಂದೆರಡು ನಿಮಿಷ ಬಿಟ್ಟಿದ್ದರೆ ಏನಾಗುತ್ತಿತ್ತು? ಅಷ್ಟಕ್ಕೇ ಅಳು ಬಂತು.