ಅಪ್ಪನಿಗೂ ಅಪ್ಪನಿಗೂ ನಡುವೆ ಇಂಗ್ಲಿಷಿಗೇನು ಕೆಲಸ?

ನಿನ್ನೆ ರಾತ್ರಿ ಹನ್ನೊಂದೂವರೆಗೆ ಟಿವಿ ಆರಿಸಿದೆ. ಸಿಟ್ಟು ಮಾತ್ರ ಆರಲಿಲ್ಲ. ಕೊರಿಯಾದವರ ಮೇಲಲ್ಲ, ಅವರು ಪಾಪ, ಚೆನ್ನಾಗಿಯೇ ಅಳಿಸಿದರು. ನನ್ನ ಸಿಟ್ಟೆಲ್ಲ ಪರದೆಯ ಬುಡದಲ್ಲಿ ಓಡುವ ಆ ಎರಡು ಸಾಲು ಇಂಗ್ಲಿಷ್ ಸಬ್‌ಟೈಟಲಿನ ಮೇಲೆ.

ನನ್ನ ಕೊರಿಯನ್ ಧಾರಾವಾಹಿಗಳ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಲಾಕ್‌ಡೌನಿನಲ್ಲಿ ಹತ್ತಿದ್ದು, ಇನ್ನೂ ಇಳಿದಿಲ್ಲ. ಸಾಗರದಿಂದ ಅಮ್ಮ ಬಂದು ಹದಿನೈದು ದಿನವಾಯಿತು. ಮೊಣಕಾಲು ನೋವಿನಿಂದ ಹೊರಗೆ ಹೋಗುವಂತಿಲ್ಲ, ಕನ್ನಡ ಧಾರಾವಾಹಿಗಳ ಅತ್ತೆಯರನ್ನು ಕಂಡರೆ ಅವಳಿಗೆ ನನಗಿಂತ ಹೆಚ್ಚು ಉರಿ. ಸರಿ, ‘ರಿಪ್ಲೈ 1988’ ಹಾಕಿದೆ. ಸೋಲ್ ನಗರದ ಸಾಂಗ್‌ಮುನ್-ದೊಂಗ್ ಎಂಬ ಬಡಾವಣೆಯ ಒಂದು ಓಣಿ, ಐದು ಮಂದಿ ಗೆಳೆಯರು, ಅವರ ಮನೆಗಳು. ಕತೆ ಇಷ್ಟೇ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಾದ್ದರಿಂದ ನಾನು ಪಕ್ಕದಲ್ಲಿ ಕುಳಿತು ಹರಿಕಥೆ ದಾಸರ ಹಾಗೆ ಅರ್ಥ ಹೇಳುತ್ತಾ ಹೋದೆ.

ಹತ್ತು ನಿಮಿಷವೂ ಆಗಿರಲಿಲ್ಲ. “ಅಪ್ಪ ಅನ್ನುತ್ತಿದ್ದಾಳಲ್ಲೇ, ಇದು ಕನ್ನಡವೇನೇ?” ಎಂದಳು ಅಮ್ಮ.

ಕನ್ನಡವಲ್ಲ, ಆದರೆ ಅಪ್ಪನಿಗೆ ಅವರೂ ಅಪ್ಪ ಎಂದೇ ಅನ್ನುತ್ತಾರೆ. ಅಮ್ಮ ಅವರಲ್ಲಿ ‘ಒಮ್ಮ’. ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ನಂಟಿದೆ ಎಂಬ ಹಳೆಯ ವಾದವೊಂದಿದೆ. ಇಂದಿನ ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ, ನಾನೂ ವಾಟ್ಸಾಪ್ ಪಂಡಿತರ ಸಾಲಿಗೆ ಸೇರುವುದಿಲ್ಲ. ನಂಟಿಲ್ಲದೆಯೂ ಮಾತಿನ ಜಾಡು ಇಷ್ಟು ಹತ್ತಿರ ಬರುತ್ತದಲ್ಲ, ಅದು ನನ್ನ ಸೋಜಿಗ. ಆ ಹತ್ತಿರವನ್ನೆಲ್ಲ ನಡುವೆ ನಿಂತ ಇಂಗ್ಲಿಷ್ ಸೋಸಿ, ಚರಟವನ್ನು ಮಾತ್ರ ನಮ್ಮ ಕೈಗೆ ಕೊಡುತ್ತದಲ್ಲ, ಅದು ನನ್ನ ಹೊಟ್ಟೆಯುರಿ.

ನೋಡಿ, ಅವರು ‘ನನ್ನ ಅಮ್ಮ’ ಎನ್ನುವುದಿಲ್ಲ, ‘ನಮ್ಮ ಅಮ್ಮ’ ಎನ್ನುತ್ತಾರೆ. ಒಬ್ಬಳೇ ಮಗಳಾದರೂ ಹಾಗೆಯೇ. ಗಂಡನೂ ‘ನಮ್ಮ ಗಂಡ’. ಇಂಗ್ಲಿಷಿನಲ್ಲಿ ಹಾಗೆಂದರೆ ಪೊಲೀಸರು ಬಂದಾರು! ನಮ್ಮಲ್ಲಿ ‘ನಮ್ಮ ಯಜಮಾನರು’ ಎಂದರೆ ಯಾರಾದರೂ ಎಷ್ಟು ಮಂದಿಗೆ ಎಂದು ಕೇಳುತ್ತಾರೆಯೇ? ಓಣಿಯ ಹೆಂಗಸರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯದೆ ಇಂಥವನ ಅಮ್ಮ, ಇಂಥವಳ ಅಮ್ಮ ಎಂದು ಕರೆಯುತ್ತಾರೆ. ನಮ್ಮ ಕೇರಿಯಲ್ಲಿ ನನ್ನ ಅಮ್ಮ ನಲವತ್ತು ವರ್ಷ ನನ್ನ ಹೆಸರಿನ ಬಾಲವಾಗಿ ಬದುಕಿದ್ದು ಹೀಗೆಯೇ. ಗಂಡನನ್ನು ಕರೆಯುವ ‘ಯೊಬೊ’ ಎಂಬ ಮಾತಿಗೆ ನಮ್ಮ ‘ರೀ’ಗಿಂತ ಒಪ್ಪುವ ಪದ ಜಗತ್ತಿನಲ್ಲಿಲ್ಲ. ಇಂಗ್ಲಿಷಿನಲ್ಲಿ ಅದು ‘ಹನಿ’. ಮೂವತ್ತು ವರ್ಷ ಸಂಸಾರ ಮಾಡಿ, ಸಾಲ ತೀರಿಸಿ, ಕಿಮ್ಚಿ ಎಂಬ ಅವರ ಉಪ್ಪಿನಕಾಯಿ ಹಾಕಿ ಕೈ ಸವೆದ ಹೆಂಗಸು ಗಂಡನಿಗೆ ಜೇನುತುಪ್ಪ ಎನ್ನುತ್ತಾಳಂತೆ!

ಈ ‘ಅಂತೆ’ಯನ್ನೇ ತೆಗೆದುಕೊಳ್ಳಿ. ಕೇಳಿದ ಸುದ್ದಿ, ನಾನು ಕಂಡಿಲ್ಲ, ಹೊಣೆ ನನ್ನದಲ್ಲ ಎಂಬುದಿಷ್ಟನ್ನೂ ನಾವು ‘ಬರುತ್ತಾನಂತೆ’ ಎಂಬ ಒಂದು ಬಾಲದಲ್ಲಿ ಮುಗಿಸುತ್ತೇವೆ. ಅವರಿಗೂ ಅಂಥದ್ದೇ ಬಾಲವಿದೆ. ಓಣಿಯ ಚಾಡಿಯೆಲ್ಲ ಅದರ ಮೇಲೆಯೇ ನಿಂತಿದೆ. ಇಂಗ್ಲಿಷ್ ಸಾಲಿನಲ್ಲಿ ಬಹುಪಾಲು ಅದು ಮಾಯ. ಇನ್ನು ಕ್ರಿಯಾಪದ. ಅವರಿಗೂ ನಮಗೂ ಅದು ಕೊನೆಗೆ ಬರುತ್ತದೆ. ನಟ ತಡವರಿಸಿ, ಉಗುಳು ನುಂಗಿ, ಹೇಳಬೇಕಾದ್ದನ್ನು ಇನ್ನೂ ನಾಲಿಗೆಯ ತುದಿಗೆ ತರುತ್ತಿರುವಾಗಲೇ ಕೆಳಗಿನ ಸಾಲು ಗುಟ್ಟು ಬಿಟ್ಟುಕೊಟ್ಟಿರುತ್ತದೆ. ಯಕ್ಷಗಾನಕ್ಕೆ ಹೋದಾಗ ಪಕ್ಕದಲ್ಲಿ ಕುಳಿತು ಮುಂದಿನ ಮಾತನ್ನು ಮೊದಲೇ ಹೇಳುವ ಮನುಷ್ಯನೊಬ್ಬ ಇರುತ್ತಾನಲ್ಲ, ಅವನೇ ಇವನು.

2025ರಲ್ಲಿ ಬಂದ, ಕೊರಿಯಾದ ಜೇಜು ದ್ವೀಪದ ಧಾರಾವಾಹಿಯ ಹೆಸರನ್ನು ಏನು ಮಾಡಿದರು ಗೊತ್ತೇ? ಮೂಲ ಹೆಸರು ‘ಪೋಕ್ಸಾಕ್ ಸೊಗಾತ್ಸುದಾ’. ಜೇಜುವಿನ ಮಾತಿನಲ್ಲಿ ಅದರ ಅರ್ಥ ‘ಬಹಳ ದಣಿದಿರಿ’, ಅಂದರೆ ನಿಮ್ಮ ಶ್ರಮ ದೊಡ್ಡದು ಎಂಬ ಉಪಚಾರ. ಸೋಲ್‌ನವರ ಕಿವಿಗೆ ಅದೇ ಮಾತು ‘ಪೂರ್ತಿ ಮೋಸಹೋದಿರಿ’ ಎಂದು ಕೇಳಿಸುತ್ತದೆ. ಕುಂದಾಪುರದ ಮಾತು ಬೆಂಗಳೂರಿನಲ್ಲಿ ಎಡವುವಂತೆ. ಕಡಲಿಗೆ ಮುಳುಗಿ ಚಿಪ್ಪು ಹೆಕ್ಕುವ ತಾಯಿ, ಅವಳ ಮಗಳು, ಆ ಮಗಳ ಮಗಳು, ಎಲ್ಲರ ಬದುಕೂ ಆ ಎರಡು ಅರ್ಥಗಳ ನಡುವೆಯೇ ಇದೆ. ಇಂಗ್ಲಿಷಿನಲ್ಲಿ ಅದು, ಬದುಕು ನಿಂಬೆಹಣ್ಣು ಕೊಟ್ಟರೆ ಪಾನಕ ಮಾಡು ಎಂಬ ಗಾದೆಯನ್ನು ತಿರುಚಿ ಮಾಡಿದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಎಂಬ ಕಿತ್ತಳೆಹಣ್ಣಿನ ಹೆಸರಾಯಿತು. ಚೆನ್ನಾಗಿಯೇ ಇದೆ, ಬಿಡಿ. ಬಿಸ್ಕತ್ ಪೊಟ್ಟಣದ ಮೇಲೆ ಹಾಕಬಹುದು.

ಕನ್ನಡದಲ್ಲಿ ಮಾಡಿದರೆ ಎಲ್ಲ ಸಲೀಸಾಗುತ್ತದೆಯೇ ಎಂದು ನೀವು ಕೇಳುತ್ತೀರಿ. ಇಲ್ಲ, ಮೊನ್ನೆ ಬೇರೊಂದು ಕತೆ ನೋಡುವಾಗ ನಾನೇ ಸಿಕ್ಕಿಬಿದ್ದೆ. ಹುಡುಗಿ ತನ್ನ ಪ್ರಿಯಕರನನ್ನು ‘ಒಪ್ಪಾ’ ಎನ್ನುತ್ತಾಳೆ, ಎಂದರೆ ಅಣ್ಣ. ಅಮ್ಮನಿಗೆ ಹಾಗೆಯೇ ಹೇಳಿ, ಮುಂದಿನ ದೃಶ್ಯದಲ್ಲಿ ಅವರು ಛತ್ರಿಯ ಕೆಳಗೆ ಮುತ್ತಿಟ್ಟುಕೊಂಡಾಗ ಅವಳು ನನ್ನತ್ತ ನೋಡಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ. “ಅಣ್ಣ ಅಲ್ಲ ಅಮ್ಮ, ಭಾವ ಎಂದುಕೋ,” ಎಂದೆ. ಮುಖ ಸಡಿಲವಾಯಿತು. ಎಡವಿದರೂ ಕೈಗೆ ಸಿಕ್ಕಲು ನಮ್ಮಲ್ಲಿ ಇನ್ನೊಂದು ನಂಟಿನ ಹೆಸರಿದೆ. ಇಂಗ್ಲಿಷಿನಲ್ಲಿ ಎಡವಿದರೆ ಸಿಗುವುದು ಬರೀ ಹುಡುಗನ ಹೆಸರು.

ಕಲೆಗೆ ಭಾಷೆಯ ಹಂಗಿಲ್ಲ, ಭಾವ ಮುಟ್ಟಿದರೆ ಸಾಕು ಎನ್ನುವವರು ಈಗ ಬರುತ್ತಾರೆ. ಬನ್ನಿ. ನಿಮಗೆ ಇಂಗ್ಲಿಷ್ ಬರುತ್ತದೆ, ಅದಕ್ಕೇ ಹಂಗಿಲ್ಲ. ಕೆಲವು ಕೊರಿಯನ್ ಕತೆಗಳು ಹಿಂದಿ, ತಮಿಳು, ತೆಲುಗಿನಲ್ಲಿ ಸಿಗುತ್ತವೆ. ಕನ್ನಡವನ್ನು ಹುಡುಕಿ ಹುಡುಕಿ ನನ್ನ ಹೆಬ್ಬೆರಳು ಸವೆದಿದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಹತ್ತು ವರ್ಷಗಳ ಹಿಂದೆ ಇದೇ ಗೋಡೆಯ ಮೇಲೆ ಡಬ್ಬಿಂಗ್ ವಿರುದ್ಧ ಉದ್ದುದ್ದ ಬರೆದವಳು ನಾನು. ಬೇರೆ ಭಾಷೆಯದನ್ನು ಕನ್ನಡಕ್ಕೆ ಡಬ್ ಮಾಡಬಾರದೆಂದು 1960ರ ದಶಕದಿಂದ ನಡೆದುಬಂದ ತಡೆಯನ್ನು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತಪ್ಪೆಂದಾಗ ಕನ್ನಡ ಮುಳುಗಿಯೇ ಹೋಯಿತೆಂದು ಎದೆ ಬಡಿದುಕೊಂಡಿದ್ದೆ. ಕೆಲವರಿಗೆ ನೆನಪಿರಬಹುದು, ದಯವಿಟ್ಟು ಸ್ಕ್ರೀನ್‌ಶಾಟ್ ಹಾಕಬೇಡಿ. 2020ರಲ್ಲಿ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂದಾಗ ಅಮ್ಮ ಒಂದು ಸಂಜೆಯೂ ತಪ್ಪಿಸಲಿಲ್ಲ. ನಾನು ಮೂಗು ಮುರಿದಿದ್ದೆ. ಕನ್ನಡವನ್ನು ಕಾಯುತ್ತೇವೆಂದು ಬಾಗಿಲು ಹಾಕಿಕೊಂಡು ಕುಳಿತ ನನ್ನಂಥವರೆಲ್ಲ ಒಳಗೆ ಇಂಗ್ಲಿಷಿನಲ್ಲಿ ನೋಡುತ್ತಲೇ ಇದ್ದೆವು. ಹೊರಗೆ ಉಳಿದವಳು ಅಮ್ಮ.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಮೊದಲ ಕಂತು. ನಡುವಿನ ಮಗಳು ಡಾಕ್‌ಸನ್‌ಳ ಹುಟ್ಟುಹಬ್ಬವನ್ನು ಅಕ್ಕನದರ ಜೊತೆಗೇ, ಅದೇ ಕೇಕಿನಲ್ಲಿ ಮುಗಿಸಿಬಿಡುತ್ತಾರೆ. ಹುಡುಗಿ ಸಿಡಿಯುತ್ತಾಳೆ: ಅಕ್ಕ, ತಮ್ಮ ಇಬ್ಬರಿಗೂ ಚೆಂದದ ಹೆಸರು, ನನಗೇಕೆ ಈ ಹಳೆಯ ಹೆಸರು, ಮೊಟ್ಟೆಯೂ ಅವರಿಗೇ ಏಕೆ ಎಂದು. ಆಮೇಲೆ ಅಪ್ಪ ಓಣಿಯಲ್ಲಿ ಬೇರೆ ಕೇಕ್ ಹಿಡಿದು ಬಂದು ಮಾತನಾಡುತ್ತಾನೆ. ಅವನು ತನ್ನನ್ನು ‘ನಾನು’ ಎಂದುಕೊಳ್ಳುವುದಿಲ್ಲ, ‘ಅಪ್ಪ’ ಎಂದುಕೊಳ್ಳುತ್ತಾನೆ. ಅಪ್ಪನಿಗೂ ಅಪ್ಪನಾಗಿದ್ದು ಇದೇ ಮೊದಲು ಎಂಬ ಅರ್ಥದ ಮಾತು. ನಮ್ಮ ಅಪ್ಪನೂ “ಅಪ್ಪ ಪೇಟೆಯಿಂದ ತರುತ್ತಾನೆ, ಅಳಬೇಡ” ಎನ್ನುತ್ತಿದ್ದುದು ಹೀಗೆಯೇ. ಇಂಗ್ಲಿಷಿಗೆ ಆ ವರಸೆ ಒಗ್ಗುವುದಿಲ್ಲ. ನಾನು ಅದನ್ನು ಓದಿ, ಬಿಡಿಸಿ, ಕನ್ನಡಕ್ಕೆ ಕಟ್ಟಿ ಹೇಳುವಷ್ಟರಲ್ಲಿ ದೃಶ್ಯ ಮುಗಿದಿತ್ತು. ಅಮ್ಮ ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳು, ಅಕ್ಕತಂಗಿಯರಿಗೆ ಹೊಸ ಹೆಸರಿಟ್ಟಾಗ ಅಜ್ಜಿಯ ಹೆಸರನ್ನು ಹೊತ್ತವಳು. ಅಳಬೇಕಾದ ಹೊತ್ತಿನಲ್ಲಿ ಅವಳು ನನ್ನ ಬಾಯಿ ನೋಡುತ್ತಾ ಕುಳಿತಿದ್ದಳು.

ಇನ್ನೂ 19 ಕಂತುಗಳಿವೆ, ಒಂದೊಂದೂ ಒಂದೂವರೆ ಗಂಟೆಯ ಆಸುಪಾಸು. ನನ್ನ ಗಂಟಲು ಈಗಲೇ ಕಟ್ಟಿದೆ. ಅಂದು ನನ್ನ ಜೊತೆ ಡಬ್ಬಿಂಗ್ ವಿರೋಧಿಸಿ ಷರಾ ಬರೆದವರಲ್ಲಿ ಯಾರಾದರೂ ಬಿಡುವಾಗಿದ್ದರೆ ಸಂಜೆ ಏಳಕ್ಕೆ ಮನೆಗೆ ಬಂದು ನಾಲ್ಕು ಕಂತು ಓದಿ ಹೋಗಿ. ಕಾಫಿ ಅಮ್ಮ ಮಾಡುತ್ತಾಳಂತೆ.