ದನಿ ನಿಂತರೆ ಪರದೆ ಆರಿದ ಹಾಗೆ

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಲೂರಿನಿಂದ ಅಕ್ಕ ಫೋನ್ ಮಾಡಿದಳು. "ಲ್ಯಾಪ್‌ಟಾಪ್ ಮೂಕಾಗಿದೆ ಕಣೋ. ಇವನು ಬೆಳಗಿನಿಂದ ತಿಂಡಿನೂ ಮುಟ್ಟಿಲ್ಲ. ಒಂದ್ಸಲ ಬಂದು ನೋಡು" ಅಂದಳು. ಹಾಸನದಲ್ಲಿ ನನ್ನದು ಮೈಕ್‌ಸೆಟ್ ಕೆಲಸ. ಮದುವೆ, ಗಣಪತಿ, ಭಜನೆ, ಶಾಲೆ ವಾರ್ಷಿಕೋತ್ಸವ, ಹೀಗೆ ಇಪ್ಪತ್ತು ವರ್ಷದಿಂದ ವೈರು, ಸ್ಪೀಕರು, ಮಿಕ್ಸರ್ ಜೊತೆಗೇ ಬದುಕು. ಹಾಗಾಗಿ ಮನೆಯಲ್ಲಿ ಸದ್ದು ಮಾಡುವ ಯಾವ ವಸ್ತು ಕೆಟ್ಟರೂ ಕರೆ ನನಗೇ ಬರುತ್ತದೆ.

ಅಕ್ಕನ ಮಗನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಈಗ ಇಪ್ಪತ್ತೊಂದು ವರ್ಷ. ಚೆನ್ನಾಗಿ ಹಾಡುತ್ತಾನೆ, ಹಾರ್ಮೋನಿಯಂ ನುಡಿಸುತ್ತಾನೆ, ಕೀಬೋರ್ಡಿನಲ್ಲೂ ಕೈ ಕುಳಿತಿದೆ. ತಾನೇ ರೆಕಾರ್ಡ್ ಮಾಡಬೇಕು, ತಾನೇ ಎಡಿಟ್ ಮಾಡಬೇಕು ಅನ್ನುವುದು ಅವನ ಆಸೆ. ಅದಕ್ಕೆಂದು ಭಾವ ಸಾಲ ಮಾಡಿ ಲ್ಯಾಪ್‌ಟಾಪ್ ಕೊಡಿಸಿದ್ದರು. ಒಂದು ಅಂಗಡಿಯವರು ಅದಕ್ಕೆ ಏನೇನೋ ಸಾಫ್ಟ್‌ವೇರ್ ತುಂಬಿ ಕೊಟ್ಟಿದ್ದರು.

ನಾನು ಹೋಗಿ ನೋಡಿದರೆ ಲ್ಯಾಪ್‌ಟಾಪ್ ಆನ್ ಇದೆ. ಮ್ಯೂಸಿಕ್ ಸಾಫ್ಟ್‌ವೇರ್ ತೆರೆದಿದೆ. ಬಣ್ಣ ಬಣ್ಣದ ಮೀಟರುಗಳು, ಗುಂಡಿಗಳು, ಎಲ್ಲ ಸರಿಯಾಗಿಯೇ ಕಾಣುತ್ತಿದೆ.

"ಮಾವ, ಪರದೆ ಆರಿಹೋಗಿದೆ" ಅಂದ.

"ಇಲ್ಲ ಕಣೋ, ಉರೀತಾ ಇದೆಯಲ್ಲ."

"ನಿಮ್ಮದು ಉರೀತಿದೆ ಮಾವ. ನನ್ನದು ಆರಿದೆ."

ನಾನು ಸುಮ್ಮನೆ ಕುಳಿತೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರಿಗೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಅವನಿಗೆ ಅದರ ದನಿಯೇ ಕಂಪ್ಯೂಟರಿನ ಪರದೆ. ದನಿ ನಿಂತರೆ ಅವನ ಮುಂದೆ ಏನೂ ಇಲ್ಲ. ಅವನು ಎಲ್ಲಿದ್ದಾನೆ, ಯಾವ ಗುಂಡಿಯ ಮೇಲಿದ್ದಾನೆ, ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಹೊಂದಿಸಿ ಕೊಡುವ ನಮ್ಮಂಥವರು ಮೊದಲು ತಿಳಿಯಬೇಕಾದ್ದು ಇದೊಂದೇ ಮಾತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಬರಹ ಬರೆಯುತ್ತಿರುವುದೂ ಅದಕ್ಕೇ.

ದನಿ ಯಾಕೆ ನಿಂತಿತ್ತು ಅಂದರೆ, ಹಾಡಿದ್ದು ತಡವಿಲ್ಲದೆ ಕೇಳಲಿ ಅಂತ ಆ ಅಂಗಡಿಯವರು ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೇ ಒಂದು ಆಸಿಯೋ ಡ್ರೈವರ್, ಅಂದರೆ ಸದ್ದನ್ನು ಸುತ್ತು ಬಳಸದೆ ನೇರ ಕಾರ್ಡಿಗೆ ದಾಟಿಸುವ ಸಾಫ್ಟ್‌ವೇರ್, ಹಾಕಿದ್ದರು. ಇಂಥ ಡ್ರೈವರ್ ಸೌಂಡ್ ಕಾರ್ಡನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಂಡುಬಿಡಬಹುದು. ಆಗ ಬೇರೆ ಯಾವ ಸಾಫ್ಟ್‌ವೇರಿಗೂ ಅಲ್ಲಿ ಸದ್ದು ಮಾಡಲು ಆಗುವುದಿಲ್ಲ. ಕಣ್ಣಿದ್ದವರಿಗೆ ಇದರಿಂದ ನಷ್ಟವಿಲ್ಲ, ಹಾಡು ರೆಕಾರ್ಡ್ ಮಾಡುವಾಗ ಬೇರೆ ಸದ್ದು ಯಾರಿಗೆ ಬೇಕು ಅಲ್ವಾ? ಆದರೆ ಇವನ ವಿಷಯದಲ್ಲಿ ಆ "ಬೇರೆ ಸದ್ದು" ಅನ್ನುವುದೇ ಪರದೆ. ಸಾಫ್ಟ್‌ವೇರ್ ತೆರೆದ ಕ್ಷಣದಲ್ಲೇ ಪರದೆ ಆರುತ್ತಿತ್ತು. ಮುಚ್ಚಲು ದಾರಿ ಹೇಳುವವರೂ ಯಾರೂ ಇಲ್ಲ. ಅದರ ಮೇಲೆ, ಕಂಪ್ಯೂಟರ್ ಶುರುವಾದಾಗ ಸ್ಕ್ರೀನ್ ರೀಡರ್ ತಾನಾಗಿ ಮಾತಾಡುವುದನ್ನು ಕಿರಿಕಿರಿ ಅಂತ ಅವರು ತೆಗೆದುಹಾಕಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು. ಕಣ್ಣಿದ್ದವರ ಲ್ಯಾಪ್‌ಟಾಪಿನ ಪರದೆಯನ್ನು ಕಿರಿಕಿರಿ ಅಂತ ಯಾರಾದರೂ ಬಿಚ್ಚಿಡುತ್ತಾರಾ?

ಆ ದಿನ ರಾತ್ರಿ ಹಾಸನಕ್ಕೆ ವಾಪಸ್ ಬರಲಿಲ್ಲ. ಅಲ್ಲೇ ಉಳಿದೆ. ಅವನ ಸ್ಕ್ರೀನ್ ರೀಡರ್ ಎನ್‌ವಿಡಿಎ. ಪೂರ್ತಿ ಉಚಿತ. ಇದರ ಕಥೆ ನನಗೆ ಬಹಳ ಇಷ್ಟ. ಆಸ್ಟ್ರೇಲಿಯಾದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ ಅನ್ನುವವರು ಇಬ್ಬರೂ ಕಣ್ಣು ಕಾಣದವರು. ಚಿಕ್ಕವರಿದ್ದಾಗ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಪರಿಚಯವಾದವರು. ದುಡ್ಡು ಕೊಟ್ಟು ಕೊಳ್ಳುವ ಸ್ಕ್ರೀನ್ ರೀಡರ್ ಬೆಲೆ ಬಡವರ ಕೈಗೆ ಎಟುಕುವುದಿಲ್ಲ ಅಂತ 2006ರಲ್ಲಿ ಕರನ್ ಇದನ್ನು ಬರೆಯಲು ಕುಳಿತರು, ಆಮೇಲೆ ಟೆ ಕೈಜೋಡಿಸಿದರು. ಇವತ್ತು ಆಲೂರಿನ ಹಂಚಿನ ಮನೆಯಲ್ಲಿ ಅದು ಕನ್ನಡ ಓದುತ್ತಿದೆ. ಅದರ ಜೊತೆ ಬರುವ ಈಸ್ಪೀಕ್ ದನಿಗೆ ಕನ್ನಡ ಬರುತ್ತದೆ. ಸ್ವಲ್ಪ ಯಂತ್ರದ ದನಿ, ನಿಜ. ಆದರೆ ಎಷ್ಟು ಬೇಗ ಓದಿಸಿದರೂ ಅಕ್ಷರ ತಪ್ಪುವುದಿಲ್ಲ. ನಮ್ಮ ಹುಡುಗ ಅದನ್ನು ಓಡಿಸುವ ವೇಗಕ್ಕೆ ನನಗೆ ಒಂದು ಪದವೂ ಹತ್ತುವುದಿಲ್ಲ, ಅವನಿಗೆ ಎಲ್ಲವೂ ನೀರು ಕುಡಿದಷ್ಟು ಸುಲಭ.

ಅದೇ ಜೇಮ್ಸ್ ಟೆ ಮುಂದೆ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಒಸಾರಾ ಅನ್ನುವ ಜೋಡಣೆ ಶುರು ಮಾಡಿದರು. ರೀಪರಿನಲ್ಲಿ ಏನು ನಡೆಯುತ್ತಿದೆ ಅನ್ನುವುದನ್ನು ಸ್ಕ್ರೀನ್ ರೀಡರಿಗೆ ತಿಳಿಸುವುದು ಇದರ ಕೆಲಸ. ಅದೂ ಉಚಿತ. ರೀಪರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ಸಾಮಾನ್ಯ ಬಳಕೆಗೆ 60 ಡಾಲರಿನ ಲೈಸೆನ್ಸ್ ಇದೆ. ಅಂಗಡಿಯವರು ತುಂಬಿದ್ದ ಕದ್ದ ಸಾಫ್ಟ್‌ವೇರ್‌ಗಳನ್ನೆಲ್ಲ ಅವತ್ತೇ ತೆಗೆದೆ. ಅವುಗಳಲ್ಲಿ ಗುಂಡಿಗಳು ಬರೀ ಚಿತ್ರಗಳು. ಮೌಸಿನಿಂದ ಹಿಡಿದು ತಿರುಗಿಸಬೇಕು. ಸ್ಕ್ರೀನ್ ರೀಡರಿಗೆ ಅಲ್ಲಿ ಓದಲು ಏನೂ ಸಿಗುವುದಿಲ್ಲ. ಎಷ್ಟು ದುಬಾರಿ ಸಾಫ್ಟ್‌ವೇರ್ ಆದರೇನು, ಅವನ ಪಾಲಿಗೆ ಅದು ಖಾಲಿ ಗೋಡೆ.

ಒಸಾರಾ ಹಾಕುವಾಗ ಅದರ ಕೀಲಿ ಜೋಡಣೆಯನ್ನೂ ಹಾಕಲೇ ಅಂತ ಕೇಳುತ್ತದೆ. ಹೂಂ ಅನ್ನಿ. ಆಮೇಲೆ ಮೇಲೆ ಕೆಳಗೆ ಬಾಣದ ಕೀಲಿ ಒತ್ತಿದರೆ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಹೆಸರು ಹೇಳುತ್ತದೆ. ಎಫ್5 ಒತ್ತಿದರೆ ಆ ಟ್ರ್ಯಾಕ್ ಮ್ಯೂಟ್, ಎಫ್6 ಸೋಲೋ, ಅಂದರೆ ಅದೊಂದೇ ಕೇಳುತ್ತದೆ, ಎಫ್7 ರೆಕಾರ್ಡಿಗೆ ಸಜ್ಜು. ಎಫ್12 ಒತ್ತಿ ಆಮೇಲೆ ಯಾವ ಕೀಲಿ ಮುಟ್ಟಿದರೂ ಅದರ ಕೆಲಸ ಏನು ಅಂತ ಬರೀ ಹೇಳುತ್ತದೆ, ಮಾಡುವುದಿಲ್ಲ. ಮೊದಲ ವಾರ ಅವನು ಈ ಎಫ್12 ಹಿಡಿದುಕೊಂಡೇ ಇಡೀ ಕೀಲಿಮಣೆ ಕಲಿತ. ನಾನು ಕಲಿಸಿದ್ದು ಕಡಿಮೆ.

ಇನ್ನು ಸದ್ದಿನ ದಾರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಮಾತಿನ ದನಿಗೆ ಒಂದು ದಾರಿ, ಸಂಗೀತಕ್ಕೆ ಇನ್ನೊಂದು ದಾರಿ ಮಾಡಿಕೊಡಿ. ಮೈಕ್ ಸಿಕ್ಕಿಸುವ ಯುಎಸ್‌ಬಿ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್ಫೇಸ್ ಇದ್ದರೆ ರೀಪರನ್ನು ಅದಕ್ಕೆ ಕಟ್ಟಿಹಾಕಿ. ಎನ್‌ವಿಡಿಎ ಸೆಟ್ಟಿಂಗ್ಸ್‌ನ ಆಡಿಯೋ ವಿಭಾಗದಲ್ಲಿ ಅದರ ದನಿಯನ್ನು ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಕಾರ್ಡಿಗೇ ಬಿಡಿ. ವಿಂಡೋಸ್ ಹೇಳಿದ ಡಿಫಾಲ್ಟ್ ಅಂತ ಬಿಡಬೇಡಿ, ಕಾರ್ಡಿನ ಹೆಸರು ಹಿಡಿದು ಆರಿಸಿ. ಟಿವಿಗೆ ವೈರ್ ಸಿಕ್ಕಿಸಿದರೂ ಸಾಕು, ಡಿಫಾಲ್ಟ್ ಆ ಕಡೆ ಹಾರಿಬಿಡಬಹುದು. ಆಗ ಪಾಪ ಇವನ ಪರದೆ ಪಕ್ಕದ ಕೋಣೆಯ ಟಿವಿಯಲ್ಲಿ ಮಾತಾಡುತ್ತಿರುತ್ತದೆ.

ಇಂಟರ್ಫೇಸ್ ಕೊಳ್ಳಲು ಆಗದವರು ರೀಪರಿನಲ್ಲಿ ಆಸಿಯೋ ಬಿಟ್ಟು ವಾಸಾಪಿಯ, ಅಂದರೆ ವಿಂಡೋಸಿನದೇ ಸದ್ದಿನ ದಾರಿಯ, ಶೇರ್ಡ್ ಮೋಡ್ ಆರಿಸಿಕೊಳ್ಳಿ. ಸ್ವಲ್ಪ ತಡ ಜಾಸ್ತಿ, ಆದರೆ ಮಾತು ಮತ್ತು ಹಾಡು ಎರಡೂ ಒಂದೇ ಕಾರ್ಡಿನಲ್ಲಿ ಹೊಂದಿಕೊಂಡು ಹೋಗುತ್ತವೆ.

ತಡ ಅಂದೆನಲ್ಲ, ಅದರ ಲೆಕ್ಕ ನೋಡಿ. ಕಂಪ್ಯೂಟರ್ ಸೆಕೆಂಡಿಗೆ 48,000 ತುಣುಕಿನಂತೆ ಸದ್ದನ್ನು ತೆಗೆದುಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. 256 ತುಣುಕು ಸೇರಿದ ಮೇಲೆ ಮುಂದೆ ಕಳಿಸುತ್ತದೆ ಅಂದರೆ ಸುಮಾರು 5 ಮಿಲಿಸೆಕೆಂಡ್ ತಡ. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ ಒಂದು ಮಾರು ದೂರ ಹೋಗುತ್ತದೆ. ಒಳಗೆ ಬರುವಾಗ ಒಂದು ಮಾರು, ಹೊರಗೆ ಹೋಗುವಾಗ ಒಂದು ಮಾರು. ಎರಡು ಮಾರು ಆಚೆ ಕುಳಿತು ಹಾರ್ಮೋನಿಯಂ ಕೇಳಿದ ಹಾಗೆ, ಹಾಡುವವನಿಗೆ ತೊಂದರೆ ಇಲ್ಲ. ಆದರೆ ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ತಡ 200 ಮಿಲಿಸೆಕೆಂಡಿನ ತನಕ ಹೋಗಬಹುದು. ಅಂದರೆ ಸುಮಾರು 70 ಮೀಟರ್. ಕಾಫಿ ತೋಟದ ಆ ತುದಿಯಲ್ಲಿ ತಬಲ ಬಾರಿಸುತ್ತಿದ್ದರೆ ಈ ತುದಿಯಲ್ಲಿ ನಿಂತು ತಾಳ ಹಿಡಿಯುವುದು ಹೇಗೆ? ಬರೀ ಸಂಗೀತಕ್ಕಲ್ಲ, ಸ್ಕ್ರೀನ್ ರೀಡರಿಗೂ ಇದೇ ಕಷ್ಟ. ಕೀಲಿ ಒತ್ತಿದ ಮೇಲೆ ಮಾತು ತಡವಾಗಿ ಬಂದರೆ ಬೆರಳು ಮುಂದೆ ಹೋಗಿರುತ್ತದೆ, ಮಾತು ಹಿಂದೆ ಉಳಿದಿರುತ್ತದೆ. ಬರ್ತ್‌ಡೇಗೆ ಅಂತ ಇಂಥ ಮಕ್ಕಳಿಗೆ ಬ್ಲೂಟೂತ್ ಹೆಡ್‌ಫೋನ್ ಕೊಡಿಸುವವರು ದಯವಿಟ್ಟು ವೈರ್ ಇರುವುದನ್ನೇ ಕೊಡಿಸಿ.

ಮೊದಲ ರೆಕಾರ್ಡಿಂಗ್ ನೆನಪಿದೆ. ಒಂದು ದಾಸರ ಪದ. ಅನುಪಲ್ಲವಿಯ ಮಧ್ಯೆ ಈಸ್ಪೀಕ್ ದನಿ ಬ್ಯಾಟರಿ ಎಷ್ಟಿದೆ ಅಂತ ಹೇಳಿತು, ಅದು ಮೈಕಿಗೆ ಹೋಗಿ ಹಾಡಿನಲ್ಲಿ ಕುಳಿತುಬಿಟ್ಟಿತು. ಲ್ಯಾಪ್‌ಟಾಪಿನ ಸ್ಪೀಕರಿನಿಂದ ದನಿ ಬರುತ್ತಿತ್ತಲ್ಲ, ಅದಕ್ಕೆ. ಆಮೇಲೆ ಅವನೇ ಒಂದು ದಾರಿ ಕಂಡುಕೊಂಡ. ಹಳೆಯ ಮೊಬೈಲಿನ ಇಯರ್‌ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಂದೇ ಬದಿಯನ್ನು ಎಡಗಿವಿಗೆ ಇಟ್ಟುಕೊಳ್ಳುತ್ತಾನೆ. ಅದರ ಮೇಲೆ ಇಂಟರ್ಫೇಸಿನ ದೊಡ್ಡ ಹೆಡ್‌ಫೋನ್. ಪರದೆ ಎಡಗಿವಿಯ ಒಳಗೆ ಮೆಲ್ಲಗೆ, ಶ್ರುತಿ ಎರಡೂ ಕಿವಿಗೆ. ಒಂದೇ ಹೆಡ್‌ಫೋನ್ ಇದ್ದವರಿಗೂ ದಾರಿ ಇದೆ. 2024ರಲ್ಲಿ ಬಂದ ಎನ್‌ವಿಡಿಎಯಲ್ಲಿ ಅದರ ಕೀಲಿಯ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಆಲ್ಟ್ ಮತ್ತು ಎಸ್ ಒತ್ತಿದರೆ ಮಾತು ಒಂದು ಕಿವಿಗೆ, ಉಳಿದ ಸದ್ದೆಲ್ಲ ಇನ್ನೊಂದಕ್ಕೆ ಹೋಗುತ್ತದೆ.

ಇಂಟರ್ಫೇಸ್ ಕೊಳ್ಳುವಾಗ ಮೈಕಿನ ಸದ್ದು ಏರಿಸಿ ಇಳಿಸಲು ಕೈಯಲ್ಲಿ ತಿರುಗಿಸುವ ಗುಂಡಿ ಇರುವುದನ್ನೇ ತನ್ನಿ. ಎಲ್ಲವನ್ನೂ ಪರದೆ ಮೇಲಿನ ಚಿತ್ರದಲ್ಲೇ ಮಾಡಬೇಕಾದ್ದು ಬೇಡ. ಅಕ್ಕ ತನ್ನ ಹಣೆಗೆ ಇಡುವ ಕಲ್ಲಿನ ಸ್ಟಿಕ್ಕರ್ ಬೊಟ್ಟನ್ನು ಆ ಗುಂಡಿಯ ಮೂತಿಗೆ ಅಂಟಿಸಿಕೊಟ್ಟಳು. ಹನ್ನೆರಡು ಗಂಟೆಯ ಜಾಗಕ್ಕೆ ಪೆಟ್ಟಿಗೆಯ ಮೈಮೇಲೆ ಇನ್ನೊಂದು ಬೊಟ್ಟು. ಬೊಟ್ಟಿಗೆ ಬೊಟ್ಟು ಸೇರಿದರೆ ಅವನ ದನಿಗೆ ಸರಿ. ಕೆಂಪು ದೀಪ ಹತ್ತಿತಾ ಅಂತ ನೋಡುವ ಬದಲು ಒಸಾರಾದ ಪೀಕ್ ವಾಚರ್ ಇಟ್ಟುಕೊಂಡಿದ್ದಾನೆ. ಸದ್ದು ಮಿತಿ ಮೀರಿದರೆ ಅದು ಹೇಳುತ್ತದೆ. ನಾನು ಇಷ್ಟು ವರ್ಷ ಮೀಟರ್ ದಿಟ್ಟಿಸಿ ಕೆಲಸ ಮಾಡಿದವನು. ಅವನ ರೆಕಾರ್ಡಿಂಗಿನಲ್ಲಿ ದನಿ ಒಡೆದಿದ್ದು ಒಂದು ಸಲವೂ ಕೇಳಿಲ್ಲ.

ಸಂಗೀತಕ್ಕೆ ಕಣ್ಣು ಬೇಕಿಲ್ಲ ಅಂತ ನಮ್ಮ ನಾಡಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಗದುಗಿನ ವೀರೇಶ್ವರ ಪುಣ್ಯಾಶ್ರಮ, ಇವೆಲ್ಲ ನಮ್ಮ ಕಣ್ಣ ಮುಂದೆಯೇ ಇವೆ. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ಇಡೀ ನಾಡು ಹೆಮ್ಮೆ ಪಟ್ಟಿತು. ಆದರೆ ಹಾಡುವ ತನಕ ಮಾತ್ರ ನಾವು ಒಪ್ಪುತ್ತೇವೆ. ಹಾಡಿದ ಮೇಲೆ ಕತ್ತರಿಸುವುದು, ಜೋಡಿಸುವುದು, ಮಿಕ್ಸ್ ಮಾಡುವುದು ಕಣ್ಣಿದ್ದವರ ಕೆಲಸ ಅಂತ ನಾವೇ ಗೆರೆ ಎಳೆದಿದ್ದೇವೆ. ನನಗೆ ಇದು ಒಪ್ಪಿಗೆ ಇಲ್ಲ. ಮಿಕ್ಸಿಂಗ್ ಅನ್ನುವುದು ಕಿವಿಯ ಕೆಲಸ. ಕಿವಿ ಅವರದ್ದು ನಮ್ಮೆಲ್ಲರಿಗಿಂತ ಪಳಗಿದ್ದು. ಅಡ್ಡ ನಿಂತಿರುವುದು ನಾವು ಹೊಂದಿಸಿ ಕೊಡುವ ರೀತಿ.

ಹೊಂದಿಸಿ ಕೊಡಲು ಹೋಗುವವರಿಗೆ ನನ್ನ ಕೋರಿಕೆ ಇಷ್ಟೇ. ಮೌಸ್ ಮುಟ್ಟಬೇಡಿ. ನೀವು ಪಟಪಟ ಅಂತ ಮೌಸಿನಲ್ಲಿ ಮಾಡಿ ಎದ್ದು ಹೋದರೆ ನಾಳೆ ಕೆಟ್ಟಾಗ ಅವರಿಗೆ ದಾರಿಯೇ ಗೊತ್ತಿರುವುದಿಲ್ಲ. ಕೀಲಿಮಣೆ ಅವರ ತೊಡೆಯ ಮೇಲೇ ಇರಲಿ. ನೀವು ಪಕ್ಕದಲ್ಲಿ ಕುಳಿತು ಬಾಯಲ್ಲಿ ಹೇಳಿ. ಎರಡು ಗಂಟೆಯ ಕೆಲಸ ಇಡೀ ದಿನ ಆಗುತ್ತದೆ, ಆಗಲಿ. ಏಳುವ ಮುನ್ನ ದನಿಯನ್ನು ಬೇಕಂತಲೇ ನಿಲ್ಲಿಸಿ, ಅವರೇ ವಾಪಸ್ ತರಲಿ. ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಎನ್‌ವಿಡಿಎ ಮತ್ತೆ ಶುರುವಾಗುತ್ತದೆ. ಅದೂ ಆಗದಿದ್ದರೆ ವಿಂಡೋಸ್ ಕೀಲಿ, ಕಂಟ್ರೋಲ್, ಎಂಟರ್ ಒತ್ತಿದರೆ ವಿಂಡೋಸಿನ ಸ್ವಂತ ನರೇಟರ್ ಮಾತಾಡುತ್ತದೆ. ಈ ಎರಡು ಕೀಲಿ ಜೋಡಣೆ ಬೆರಳಿಗೆ ರೂಢಿಯಾದರೆ ಅರ್ಧ ಹೆದರಿಕೆ ಹೋದ ಹಾಗೆ.

ಇಂಗ್ಲಿಷ್ ಒಂದು ದೊಡ್ಡ ತೊಡಕು. ರೀಪರಿನ ಮೆನು ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ "ಆರ್ಮ್ಡ್" ಅಂದರೆ ರೆಕಾರ್ಡಿಗೆ ಸಜ್ಜು ಅಂತ ಹೇಗೆ ಗೊತ್ತಾಗಬೇಕು? ನಾನು ಒಂದೊಂದು ಕೆಲಸಕ್ಕೂ ಎರಡು ಮೂರು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ. ನಮ್ಮ ಮಾತಿನಲ್ಲೇ. ಅವನು ಅವನ್ನು ತನ್ನ ಗೆಳೆಯರಿಗೆ ಕಳಿಸಿದ. ಈಗ ಅರಸೀಕೆರೆಯಿಂದ, ಮೂಡಿಗೆರೆಯಿಂದ ಫೋನ್ ಬರುತ್ತವೆ. ಗೊತ್ತಿರುವವರು ಇನ್ನಷ್ಟು ಜನ ಕನ್ನಡದಲ್ಲಿ ಹೀಗೆ ಹೇಳಿಕೊಡಬೇಕು. ದೂರದಿಂದ ಸಹಾಯ ಮಾಡುವುದೂ ಈಗ ಸುಲಭ. 2025ರ ಎನ್‌ವಿಡಿಎಯಲ್ಲಿ ರಿಮೋಟ್ ಸೌಲಭ್ಯ ಒಳಗೇ ಬಂದಿದೆ, ಆ ಕಡೆಯ ಕಂಪ್ಯೂಟರ್ ಏನು ಮಾತಾಡುತ್ತಿದೆ ಅನ್ನುವುದು ಈ ಕಡೆಯ ಎನ್‌ವಿಡಿಎಯಲ್ಲಿ ಕೇಳುತ್ತದೆ. ಆಲೂರಿನಲ್ಲಿ ಮಳೆ ಹಿಡಿದು ಕರೆಂಟು ಹೋಗಿ ನೆಟ್ವರ್ಕ್ ಸತ್ತ ದಿನ ಮಾತ್ರ ಏನೂ ಮಾಡಲಾಗುವುದಿಲ್ಲ.

ಬರುವ ಭಾನುವಾರ ಬೇಲೂರಿನ ಹತ್ತಿರ ಒಬ್ಬ ಹುಡುಗಿಯ ಮನೆಗೆ ಹೋಗುತ್ತಿದ್ದೇವೆ. ಪಿಟೀಲು ನುಡಿಸುತ್ತಾಳಂತೆ, ಹೊಸ ಲ್ಯಾಪ್‌ಟಾಪ್ ಬಂದಿದೆಯಂತೆ. ಹೊಂದಿಸಿ ಕೊಡುವುದು ಅಕ್ಕನ ಮಗ. ನಾನು ಎಕ್ಸ್‌ಟೆನ್ಷನ್ ಬಾಕ್ಸು, ಮೈಕ್ ಸ್ಟ್ಯಾಂಡು ಹೊತ್ತುಕೊಂಡು ಹೋಗುತ್ತೇನೆ. ನಿನ್ನೆ ರಾತ್ರಿ ಫೋನ್ ಮಾಡಿ ಅವನು ಹೇಳಿದ್ದು ಒಂದೇ: "ಮಾವ, ಅಮ್ಮನ ಹತ್ರ ಒಂದು ಪ್ಯಾಕೆಟ್ ಕಲ್ಲಿನ ಬೊಟ್ಟು ಇಸ್ಕೊಂಡಿದ್ದೀನಿ. ನೀವು ಅಲ್ಲಿ ಮೌಸ್ ಮಾತ್ರ ಮುಟ್ಟಬೇಡಿ."